ರೇಡಿಯೇಟರ್ ಕೊಟ್ಟ ಮನುಷ್ಯ: ವಿಲ್ಹೆಲ್ಮ್ ಮೇಬ್ಯಾಕ್

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ನಮ್ಮ ಕನ್ನಡ ಬಳಗದಾಗ ಈ ಐದೂ ಊರಿನವರು ಇದ್ದೀವಿ. ನಾಲ್ಕು ಊರಿನವರಿಗೆ ರೈಲು ಅದ, ಚಿಂಚೋಳಿಯವರಿಗೆ ಬಸ್ಸೇ ಗತಿ. ಆದ್ರೆ ಮೇ ತಿಂಗಳು ಬಂತಂದ್ರೆ ಎಲ್ಲರೂ ನೋಡೋದು ಒಂದೇ ನೋಟ: 42 ಡಿಗ್ರಿ ಬಿಸಿಲು, ರಸ್ತೆ ಬದಿಗೆ ಬಾನೆಟ್ ಎತ್ತಿ ನಿಂತ ಗಾಡಿ, ಕೈಯಾಗ ನೀರಿನ ಕ್ಯಾನ್ ಹಿಡಿದ ಡ್ರೈವರ್.

ನಮ್ಮಲ್ಲೇ ಒಬ್ಬರ ಅಣ್ಣ ಹಳೇ ಕಾರೊಂದನ್ನು ಮಾಡಿಫೈ ಮಾಡಿಸಿ ಸ್ಪೋರ್ಟ್ಸ್ ಕಾರಿನಂಗ ಓಡಿಸ್ತಿದ್ದರು. ಎಂಜಿನ್ ಬಿಸಿ ಆಗಬಾರದು ಅಂತ ಥರ್ಮೋಸ್ಟಾಟ್ ತೆಗೆಸಿಬಿಟ್ಟರು. ಡಿಸೆಂಬರ್‌ನಲ್ಲಿ ಟೆಂಪರೇಚರ್ ಮುಳ್ಳು ಅರ್ಧಕ್ಕೂ ಏರಲಿಲ್ಲ, ಅವರಿಗೆ ಭಾಳ ಖುಷಿ. ಆದರೆ ಮೈಲೇಜ್ ಇಳಿಯಿತು, ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆಯಂಥದ್ದು ಕಟ್ಟಿತು. ಮೇ ತಿಂಗಳಲ್ಲಿ ಮತ್ತೆ ಕುದ್ದು ನಿಂತಿತು. ಹಂಗಾದ್ರೆ ಎಂಜಿನ್ ಎಷ್ಟು ಬಿಸಿ ಇರಬೇಕು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನಮಗೆ ಸಿಕ್ಕವರು ವಿಲ್ಹೆಲ್ಮ್ ಮೇಬ್ಯಾಕ್. ಐಷಾರಾಮಿ ಕಾರಿನ ಮೇಲೆ ಈ ಹೆಸರು ನೋಡಿರ್ತೀರಿ. ಅದರ ಹಿಂದಿನ ಬದುಕು ಐಷಾರಾಮದ್ದಲ್ಲ.

ಮೇಬ್ಯಾಕ್ ಹುಟ್ಟಿದ್ದು 1846ರ ಫೆಬ್ರವರಿ 9ರಂದು, ಜರ್ಮನಿಯ ಹೈಲ್‌ಬ್ರಾನ್ ಊರಿನಲ್ಲಿ. ಅಪ್ಪ ಬಡಗಿ. ಹತ್ತು ವರ್ಷ ತುಂಬುವ ಹೊತ್ತಿಗೆ ತಾಯಿಯೂ ಇಲ್ಲ, ತಂದೆಯೂ ಇಲ್ಲ. ರಾಯ್ಟ್‌ಲಿಂಗೆನ್ ಊರಿನ ಒಂದು ಧರ್ಮಾರ್ಥ ಆಶ್ರಮ ಹುಡುಗನನ್ನು ಸೇರಿಸಿಕೊಂಡಿತು. ಅಲ್ಲೇ ಒಂದು ಯಂತ್ರಶಾಲೆಯೂ ಇತ್ತು. ಹುಡುಗನಿಗೆ ಡ್ರಾಯಿಂಗ್ ಚೆನ್ನಾಗಿ ಬರ್ತದೆ ಅಂತ ಗೊತ್ತಾಗಿ ಅವನನ್ನು ನಕ್ಷೆ ಬರೆಯುವ ಕೆಲಸಕ್ಕೆ ಹಚ್ಚಿದರು. ನಾವು ಮೊದಲ ಸೆಮಿಸ್ಟರ್‌ನಲ್ಲಿ ಬೈಕೊಂತ ಮಾಡ್ತೀವಲ್ಲ, ಅದೇ ಎಂಜಿನಿಯರಿಂಗ್ ಡ್ರಾಯಿಂಗ್ ಅವರಿಗೆ ಅನ್ನ ಕೊಟ್ಟಿತು.

ಅದೇ ಯಂತ್ರಶಾಲೆಯ ಮುಖ್ಯಸ್ಥರಾಗಿ ಬಂದವರು ಗಾಟ್‌ಲೀಬ್ ಡೈಮ್ಲರ್. 1865ರಲ್ಲಿ, ಮೇಬ್ಯಾಕ್‌ಗೆ 19 ವರ್ಷವಿದ್ದಾಗ ಇಬ್ಬರ ಪರಿಚಯವಾಯಿತು. ಅಲ್ಲಿಂದ ಡೈಮ್ಲರ್ ಸಾಯುವವರೆಗೆ, ಅಂದರೆ 35 ವರ್ಷ, ಈ ಜೋಡಿ ಹೆಚ್ಚುಕಮ್ಮಿ ಒಂದೇ ದಾರಿಯಲ್ಲಿ ನಡೆಯಿತು. ಡಾಯ್ಟ್ಸ್ ಕಂಪನಿಯಲ್ಲಿ ಇಬ್ಬರೂ ಇದ್ದಾಗಲೇ, 1876ರಲ್ಲಿ, ನಾವು ಥರ್ಮೋಡೈನಮಿಕ್ಸ್‌ನಲ್ಲಿ ಓದುವ ಆಟೋ ಸೈಕಲ್‌ನ ಎಂಜಿನ್ ಹೊರಬಂತು. ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ಹಂತಕ್ಕೆ ತಂದವರು ಅಲ್ಲಿನ ವಿನ್ಯಾಸ ವಿಭಾಗದ ಮುಖ್ಯಸ್ಥ ಮೇಬ್ಯಾಕ್.

1882ರಲ್ಲಿ ಇಬ್ಬರೂ ಆ ಕೆಲಸ ಬಿಟ್ಟು ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ಗೆ ಬಂದರು. ಡೈಮ್ಲರ್ ಮನೆಯ ತೋಟದಲ್ಲಿದ್ದ ಗಾಜಿನ ಮನೆಯೇ ವರ್ಕ್‌ಶಾಪ್. 1885ರಲ್ಲಿ ಅಲ್ಲಿ ತಯಾರಾದ ಸಣ್ಣ, ವೇಗದ ಪೆಟ್ರೋಲ್ ಎಂಜಿನ್ ದ್ವಿಚಕ್ರ ವಾಹನ ಏರಿತು.

ಎಂಜಿನ್ ಸಣ್ಣದಾಗಿ ಶಕ್ತಿ ಹೆಚ್ಚಾದ ಹಂಗೆ ಒಂದು ತಲೆನೋವು ಶುರುವಾಯಿತು. ಪೆಟ್ರೋಲಿನಿಂದ ಬರುವ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಎಂಜಿನ್ ಗೋಡೆಗೆ ಶಾಖವಾಗಿ ಇಳಿಯುತ್ತದೆ. ಅದನ್ನು ಹೊರಗೆ ಹಾಕದಿದ್ದರೆ ಪಿಸ್ಟನ್ ಹಿಡಿದುಕೊಳ್ತದೆ. ಕಾರ್ಲ್ ಬೆಂಜ್ ಅವರ 1886ರ ಕಾರು ನೀರನ್ನು ಕುದಿಸಿ ಆವಿಯಾಗಿ ಬಿಡುತ್ತಿತ್ತು, ಹೀಗಾಗಿ ದಾರಿಯುದ್ದಕ್ಕೂ ನೀರು ಹಾಕಬೇಕು. ಮೇಬ್ಯಾಕ್ 1889ರ ತಮ್ಮ ಕಾರಿನಲ್ಲಿ ಚೌಕಟ್ಟಿನ ಕೊಳವೆಗಳ ಒಳಗೇ ನೀರು ಹರಿಸಿದರು. 1897ರಲ್ಲಿ ಕೊಳವೆಗಳ ರೇಡಿಯೇಟರ್ ತಂದರು. ಆದರೂ ನೀರಿನ ಭಾರ ಕಡಿಮೆಯಾಗಲಿಲ್ಲ.

1900 ಕೆಟ್ಟ ವರ್ಷವಾಗಿ ಶುರುವಾಯಿತು. ಮಾರ್ಚ್ 6ರಂದು ಡೈಮ್ಲರ್ ತೀರಿಕೊಂಡರು. ಅದೇ ತಿಂಗಳ ಕೊನೆಗೆ ಫ್ರಾನ್ಸಿನ ನೀಸ್ ಹತ್ತಿರದ ಬೆಟ್ಟದ ರೇಸ್‌ನಲ್ಲಿ ಕಂಪನಿಯ ಎತ್ತರದ, ಗಿಡ್ಡ ಕಾರು ಅಪಘಾತಕ್ಕೀಡಾಗಿ ಚಾಲಕ ವಿಲ್ಹೆಲ್ಮ್ ಬಾವರ್ ಸತ್ತರು. ಕಾರು ಮಾರುತ್ತಿದ್ದ ಎಮಿಲ್ ಯೆಲಿನೆಕ್ ಪಟ್ಟು ಹಿಡಿದರು: ಕಾರು ಉದ್ದ ಇರಬೇಕು, ತಗ್ಗು ಇರಬೇಕು, ಹಗುರ ಇರಬೇಕು, ಶಕ್ತಿಯೂ ಹೆಚ್ಚಿರಬೇಕು. ಗುರುವನ್ನು ಕಳೆದುಕೊಂಡ ಮೇಬ್ಯಾಕ್ ಹೊಸ ಹಾಳೆ ಹಾಸಿ ಕೂತರು. ವರ್ಷ ಮುಗಿಯುವುದರೊಳಗೆ 35 ಅಶ್ವಶಕ್ತಿಯ ಕಾರು ಸಿದ್ಧವಾಯಿತು. ಅದರ ಮುಂಭಾಗದಲ್ಲಿ ಕೂತಿದ್ದೇ ಜೇನುಗೂಡು ರೇಡಿಯೇಟರ್.

6 ಮಿಲಿಮೀಟರ್ ಚೌಕದ 8,070 ಪುಟ್ಟ ಕೊಳವೆಗಳನ್ನು ಬೆಸುಗೆ ಹಾಕಿ ಜೋಡಿಸಿದ್ದರು. ಕೊಳವೆ ಒಳಗೆ ಗಾಳಿ, ಅವುಗಳ ನಡುವಿನ ಸಂದಿಯಲ್ಲಿ ನೀರು. ಗಾಡಿ ನಿಧಾನ ಹೋಗುವಾಗಲೂ ಗಾಳಿ ಎಳೆಯಲು ಹಿಂದೆ ಒಂದು ಫ್ಯಾನ್. ಇಡೀ ವ್ಯವಸ್ಥೆಗೆ 9 ಲೀಟರ್ ನೀರು ಸಾಕಾಯಿತು, ಮೊದಲಿಗಿಂತ ಅರ್ಧ. 1901ರ ಮಾರ್ಚ್‌ನಲ್ಲಿ ಅದೇ ನೀಸ್‌ನಲ್ಲಿ ಈ ಕಾರು ಎಲ್ಲರನ್ನೂ ಹಿಂದೆ ಹಾಕಿತು.

ಇನ್ನು ನಮ್ಮ ಅಣ್ಣನ ಕಾರಿಗೆ ಬರೋಣ. ರೇಡಿಯೇಟರ್ ಹೊರಹಾಕುವ ಶಾಖ ಕೂಲಂಟ್ ಮತ್ತು ಗಾಳಿಯ ನಡುವಿನ ಡಿಗ್ರಿ ಅಂತರವನ್ನು ಅವಲಂಬಿಸಿದೆ. ಕೂಲಂಟ್ 90 ಡಿಗ್ರಿ, ಗಾಳಿ 15 ಡಿಗ್ರಿ ಇದ್ದರೆ ಅಂತರ 75. ವಾಡಿಯ ಬಿಸಿಲಿನಲ್ಲಿ ಗಾಳಿ 42 ಇದ್ದರೆ ಅಂತರ ಬರೀ 48. ಅಂದರೆ ಅದೇ ರೇಡಿಯೇಟರ್ ಇಲ್ಲಿ ಮೂರರಲ್ಲಿ ಎರಡು ಪಾಲು ಕೆಲಸವನ್ನೂ ಪೂರ್ತಿ ಮಾಡೋದಿಲ್ಲ. ಕೂಲಂಟನ್ನು 75ಕ್ಕೆ ಇಳಿಸಿ ಇಡ್ತೀವಿ ಅಂದರೆ ಅಂತರ 33ಕ್ಕೆ ಬೀಳ್ತದೆ, ರೇಡಿಯೇಟರ್ ಇನ್ನೂ ದೊಡ್ಡದು ಬೇಕಾಗ್ತದೆ! ಇಷ್ಟಾಗಿ ಎಂಜಿನ್ ತಣ್ಣಗಿದ್ದರೆ ಲಾಭವೂ ಇಲ್ಲ. ಆಯಿಲ್ ದಪ್ಪಗಿರುತ್ತದೆ, ಅದರೊಳಗಿನ ನೀರಿನ ಅಂಶ ಆವಿಯಾಗೋದಿಲ್ಲ, ಎಂಜಿನ್ ಇನ್ನೂ ಬಿಸಿಯಾಗಿಲ್ಲ ಅಂದುಕೊಂಡು ಇಸಿಯು ಹೆಚ್ಚು ಪೆಟ್ರೋಲ್ ಸುರೀತದೆ. ಆ ಬಿಳಿ ಕೆನೆ, ಆ ಮೈಲೇಜ್ ಎಲ್ಲದಕ್ಕೂ ಕಾರಣ ಇದೇ.

ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ ತೆರೆಯಲು ಶುರುವಾಗಿ 95ರ ಆಸುಪಾಸಿನಲ್ಲಿ ಪೂರ್ತಿ ತೆರೆಯುತ್ತದೆ. ಪೂರ್ತಿ ತೆರೆದ ಮೇಲೆ ತಣ್ಣಗೆ ಮಾಡುವ ಕೆಲಸವೆಲ್ಲ ರೇಡಿಯೇಟರ್, ಫ್ಯಾನ್, ಪಂಪಿನದು. ಅದಕ್ಕೇ ಮೇ ತಿಂಗಳಲ್ಲಿ ಥರ್ಮೋಸ್ಟಾಟ್ ತೆಗೆದದ್ದು ಉಪಯೋಗಕ್ಕೆ ಬರಲಿಲ್ಲ. ಟರ್ಬೊ ಹಾಕಿಸಿದ ಗಾಡಿಗೆ ಹತ್ತು ಡಿಗ್ರಿ ಮೊದಲೇ ತೆರೆಯುವ ಥರ್ಮೋಸ್ಟಾಟ್ ಹಾಕಿಸಬಹುದು. 80ರಿಂದ 95ರ ನಡುವೆ ಮುಳ್ಳು ನಿಂತರೆ ಚಿಂತೆಯಿಲ್ಲ. ಕೊನೆಗೆ ಆ ಕಾರಿನ ರೇಡಿಯೇಟರ್ ಬಿಚ್ಚಿಸಿದಾಗ ಸಂದಿ ತುಂಬ ಕಲ್ಲಿನ ಧೂಳು ಕೂತಿತ್ತು. ತೊಳೆಸಿ, ಥರ್ಮೋಸ್ಟಾಟ್ ವಾಪಸ್ ಹಾಕಿಸಿದ ಮೇಲೆ ಗಾಡಿ ಸರಿಹೋಯಿತು. ಇನ್ನೊಂದು ಮಾತು: ಬಿಸಿ ಗಾಡಿಯ ರೇಡಿಯೇಟರ್ ಕ್ಯಾಪ್ ಯಾವತ್ತೂ ತೆಗೀಬ್ಯಾಡ್ರಿ. ಒತ್ತಡ ಇಳಿದ ಕ್ಷಣವೇ 100 ಡಿಗ್ರಿ ದಾಟಿದ ನೀರು ಕುದ್ದು ಮುಖಕ್ಕೆ ಹಾರ್ತದೆ.

ಮೇಬ್ಯಾಕ್ ಮುಂದೇನಾದರು? ಕಂಪನಿ ಡೈಮ್ಲರ್ ಹೆಸರಿನಲ್ಲಿತ್ತು. ಕಾರಿಗೆ ಯೆಲಿನೆಕ್ ಮಗಳು ಮರ್ಸಿಡಿಸ್ ಹೆಸರು ಬಂತು. ಕಾರು ಗೆದ್ದ ಕೆಲವೇ ವರ್ಷಗಳಲ್ಲಿ ಮೇಬ್ಯಾಕ್ ಅವರನ್ನು ಮೂಲೆಗೆ ತಳ್ಳಲಾಯಿತು, 1907ರಲ್ಲಿ ಅವರು ಕಂಪನಿ ಬಿಟ್ಟರು. ಆಗ ವಯಸ್ಸು 61. ಆದರೂ ಸುಮ್ಮನೆ ಕೂರಲಿಲ್ಲ. ಮಗ ಕಾರ್ಲ್ ಜೊತೆ ಸೇರಿ 1909ರಲ್ಲಿ ಜೆಪೆಲಿನ್ ವಾಯುನೌಕೆಗಳಿಗೆ ಎಂಜಿನ್ ಮಾಡುವ ಕಂಪನಿ ಕಟ್ಟಿದರು. ಮುಂದೆ ಮೇಬ್ಯಾಕ್ ಹೆಸರಿನ ಕಾರು ಬಂದದ್ದು ಆ ಮಗನ ಕಾಲದಲ್ಲಿ. ಕಾಲೇಜು ಮೆಟ್ಟಿಲು ಹತ್ತದ ಈ ಮನುಷ್ಯನಿಗೆ ಸ್ಟುಟ್‌ಗಾರ್ಟ್‌ನ ತಾಂತ್ರಿಕ ಮಹಾಶಾಲೆ 1916ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1929ರ ಡಿಸೆಂಬರ್ 29ರಂದು ತೀರಿಕೊಂಡ ಅವರನ್ನು ಕಾನ್‌ಸ್ಟಾಟ್‌ನ ಸ್ಮಶಾನದಲ್ಲಿ, ಡೈಮ್ಲರ್ ಸಮಾಧಿಯ ಹತ್ತಿರವೇ ಮಣ್ಣು ಮಾಡಿದರು.

ಮುಂದಿನ ಸಲ ಶಹಾಬಾದ ರಸ್ತೆಯಲ್ಲಿ ಫರ್ಸಿ ಕಲ್ಲು ಹೊತ್ತ ಲಾರಿ ಎದುರಾದರೆ ಅದರ ಮುಂದಿನ ಜಾಲರಿಯ ಹಿಂದೆ ಒಮ್ಮೆ ಕಣ್ಣು ಹಾಯಿಸ್ರಿ. ಹತ್ತನೇ ವಯಸ್ಸಿಗೆ ಯಾರೂ ಇಲ್ಲದಂಗಾದ ಹುಡುಗನ ಕೆಲಸ ಅಲ್ಲಿ ಇನ್ನೂ ನಡೀತಾ ಅದ.