ಪ್ಯಾಟ್ರಿಕ್ ಮ್ಯಾನ್ಸನ್

ದೂರದೇಶದಿಂದ ಮರಳುವ ಪ್ರವಾಸಿಯು ತನಗರಿವಿಲ್ಲದೆಯೇ ರೋಗದ ಹುಳುಗಳನ್ನು ಒಡಲಲ್ಲಿ ಹೊತ್ತು ತರುವುದುಂಟು. ಅವುಗಳನ್ನು ಸೂಕ್ಷ್ಮದರ್ಶಕದಿಂದ ಗುರುತಿಸುವ ವಿದ್ಯೆಯನ್ನು ಬೆಳೆಸಿದವರಲ್ಲಿ ಸರ್ ಪ್ಯಾಟ್ರಿಕ್ ಮ್ಯಾನ್ಸನ್ ಪ್ರಮುಖರು.

1844ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಮ್ಯಾನ್ಸನ್ನರು 1866ರಲ್ಲಿ ವೈದ್ಯರಾಗಿ ಫಾರ್ಮೋಸಾ ದ್ವೀಪಕ್ಕೆ ತೆರಳಿದರು. ಮುಂದೆ ಚೀನದ ಅಮಾಯ್ ಬಂದರಿನಲ್ಲಿದ್ದಾಗ, ಆನೆಕಾಲು ರೋಗದ ಹುಳುವು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು 1877ರಲ್ಲಿ ಕಂಡುಹಿಡಿದರು. ಬೆಂಗಳೂರಿನಲ್ಲಿಯೂ ಸೇವೆ ಸಲ್ಲಿಸಿದ್ದ ರೊನಾಲ್ಡ್ ರಾಸ್‌ರಿಗೆ ಮಲೇರಿಯಾ ಸಂಶೋಧನೆಯ ದಾರಿ ತೋರಿದವರೂ ಇವರೇ. ಇವರ ಪ್ರಯತ್ನದಿಂದ 1899ರಲ್ಲಿ ಲಂಡನ್ನಿನಲ್ಲಿ ಉಷ್ಣವಲಯದ ರೋಗಗಳ ವೈದ್ಯಶಾಲೆ ಸ್ಥಾಪಿತವಾಯಿತು.

1902ರಲ್ಲಿ, ವೆಸ್ಟ್ ಇಂಡೀಸಿನಲ್ಲಿ ನೆಲೆಸಿದ್ದ ಆಂಗ್ಲ ರೋಗಿಯೊಬ್ಬನ ಮಲವನ್ನು ಮ್ಯಾನ್ಸನ್ನರು ಪರೀಕ್ಷಿಸಿದರು. ಅದರಲ್ಲಿ ಹುಳುವಿನ ಮೊಟ್ಟೆಗಳಿದ್ದವು. ಮೂತ್ರದಲ್ಲಿ ಒಂದೂ ಇರಲಿಲ್ಲ. ಈಜಿಪ್ಟಿನಲ್ಲಿ ಮೂತ್ರದೊಡನೆ ರಕ್ತ ಹೋಗುವ ರೋಗವನ್ನುಂಟುಮಾಡುವ ಹುಳುವಿನ ಮೊಟ್ಟೆಗೆ ತುದಿಯಲ್ಲಿ ಮುಳ್ಳಿರುವುದು ಆಗಲೇ ತಿಳಿದಿತ್ತು. ಈ ಮೊಟ್ಟೆಗಳಿಗಾದರೋ ಮುಳ್ಳು ಪಕ್ಕದಲ್ಲಿತ್ತು. ಇದು ಬೇರೊಂದು ಜಾತಿಯಿರಬೇಕೆಂದು ಅವರು ಊಹಿಸಿದರು. 1907ರಲ್ಲಿ ಸ್ಯಾಂಬನ್ ಎಂಬ ವಿಜ್ಞಾನಿ ಆ ಹುಳುವಿಗೆ ಮ್ಯಾನ್ಸನ್ನರ ಹೆಸರನ್ನೇ ಇಟ್ಟರು. ಆದರೆ ಹಿರಿಯ ವಿದ್ವಾಂಸರಾದ ಲೂಸ್ ಈ ವಾದವನ್ನು ಒಪ್ಪಲಿಲ್ಲ. ಎರಡು ಹುಳುಗಳೂ ಬೇರೆ ಬೇರೆ ಬಗೆಯ ಬಸವನಹುಳುಗಳಲ್ಲಿ ಬೆಳೆಯುತ್ತವೆಂದು 1915ರಲ್ಲಿ ಲೈಪರ್ ಈಜಿಪ್ಟಿನಲ್ಲಿ ತೋರಿಸಿಕೊಟ್ಟ ಮೇಲೆ ಮ್ಯಾನ್ಸನ್ನರ ಊಹೆ ಸತ್ಯವೆನಿಸಿತು.

1922ರಲ್ಲಿ ಮ್ಯಾನ್ಸನ್ನರು ತೀರಿಕೊಂಡರು. ಇಂದಿಗೂ ಪ್ರಯೋಗಾಲಯಗಳಲ್ಲಿ ಈ ರೋಗವನ್ನು ನಿರ್ಧರಿಸುವವರು ಮೊದಲು ನೋಡುವುದು, ಮೊಟ್ಟೆಯ ಮುಳ್ಳು ಎಲ್ಲಿದೆಯೆಂಬುದನ್ನೇ.