ಗೋಡೆಯೊಳಗಿನ ಏಣಿ ಹತ್ತಿದ ತರಬೇತುದಾರ

ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳನ್ನು ಕಳೆದ ನನಗೆ, ಹುದ್ದೆಯ ಹೆಸರಿನ ಮುಂದೆ ಬರುವ ‘ಸಹಾಯಕ’ ಎಂಬ ಪದದ ತೂಕ ಚೆನ್ನಾಗಿ ಗೊತ್ತು. ಕೆಲಸ ಪೂರ್ತಿ, ಹೆಸರು ಅರ್ಧ. ಆದರೂ ಅದು ಏಣಿಯ ಒಂದು ಮೆಟ್ಟಿಲು ಎಂಬ ಭರವಸೆಯಿಂದಲೇ ನಾವು ಅಲ್ಲಿ ದುಡಿಯುತ್ತೇವೆ. ಆದರೆ ಏಣಿಯೇ ಗೋಡೆಯೊಂದರೊಳಗೆ ಇದ್ದರೆ? ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತರಬೇತುದಾರ ಜಾನ್ ಮೆಕ್‌ಲೆಂಡನ್ ಅವರ ಜೀವನವನ್ನು ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಮೆಕ್‌ಲೆಂಡನ್ ಹುಟ್ಟಿದ್ದು 1915ರಲ್ಲಿ, ಕಾನ್ಸಾಸ್ ರಾಜ್ಯದ ಹಯವಾತಾ ಎಂಬ ಊರಿನಲ್ಲಿ. 1933ರಲ್ಲಿ ಅವರು ಕಾನ್ಸಾಸ್ ವಿಶ್ವವಿದ್ಯಾಲಯ ಸೇರಿದಾಗ, ಬ್ಯಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು. ಅವರನ್ನೇ ಮಾರ್ಗದರ್ಶಕರನ್ನಾಗಿ ಪಡೆಯುವಂತೆ ತಂದೆ ಮಗನಿಗೆ ಹೇಳಿ ಕಳುಹಿಸಿದ್ದರು. ಗುರುಗಳು ದೊರೆತರು, ಆದರೆ ಆಟ ದೊರೆಯಲಿಲ್ಲ. ವಿಶ್ವವಿದ್ಯಾಲಯದ ತಂಡದಲ್ಲಿ ಕಪ್ಪು ವರ್ಣೀಯರಿಗೆ ಸ್ಥಾನವಿರಲಿಲ್ಲ. ಪದವಿಗೆ ಈಜು ಕಡ್ಡಾಯವಾಗಿದ್ದರಿಂದ ಮೆಕ್‌ಲೆಂಡನ್ ಕೊಳಕ್ಕಿಳಿದರು. ಅವರು ಮೇಲೆ ಬಂದ ನಂತರ ಕೊಳದ ನೀರನ್ನೇ ಖಾಲಿ ಮಾಡಿಸಲಾಯಿತು. ಅವರು ಹಟ ಬಿಡಲಿಲ್ಲ, ನೈಸ್ಮಿತ್ ಬೆಂಬಲಕ್ಕೆ ನಿಂತರು. ಕೊನೆಗೆ ಕೊಳ ಎಲ್ಲರಿಗೂ ತೆರೆಯಿತು.

ಅಂಕಣದ ಬಾಗಿಲು ಮುಚ್ಚಿದ್ದರಿಂದ ಅವರು ಆಟವನ್ನು ವಿದ್ಯೆಯಾಗಿ ಕಲಿತರು. ಅಯೋವಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, 1937ರಲ್ಲಿ ನಾರ್ತ್ ಕೆರೊಲೈನಾದ ಡರಾಮ್ ಪಟ್ಟಣದಲ್ಲಿದ್ದ ಕಪ್ಪು ವರ್ಣೀಯರ ಕಾಲೇಜಿಗೆ ಸಹಾಯಕ ತರಬೇತುದಾರರಾಗಿ ಬಂದರು. ಮೂರು ವರ್ಷಗಳ ನಂತರ, 1940ರಲ್ಲಿ, ಮುಖ್ಯ ತರಬೇತುದಾರರಾದರು. ಗೋಡೆಯೊಳಗಿನ ಏಣಿಯನ್ನು ಹತ್ತಿದ್ದು ಹೀಗೆ.

ಆ ಕಾಲದಲ್ಲಿ ಬ್ಯಾಸ್ಕೆಟ್‌ಬಾಲ್ ನಿಧಾನಗತಿಯ ಆಟವಾಗಿತ್ತು. ಚೆಂಡು ಕೈಗೆ ಸಿಕ್ಕಿದೊಡನೆ ಎದುರಾಳಿ ಸಾವರಿಸಿಕೊಳ್ಳುವ ಮೊದಲೇ ಮುನ್ನುಗ್ಗುವುದು, ಚೆಂಡು ಕೈತಪ್ಪಿದರೆ ಅಂಕಣದ ಉದ್ದಗಲಕ್ಕೂ ಎದುರಾಳಿಯನ್ನು ಬೆನ್ನಟ್ಟುವುದು ಮೆಕ್‌ಲೆಂಡನ್ ಅವರ ಪದ್ಧತಿ. ಇದಕ್ಕೆ ಅಸಾಧಾರಣ ದೇಹಶ್ರಮ ಬೇಕು. ಆದ್ದರಿಂದ ಓಟದ ಅಭ್ಯಾಸದಲ್ಲಿ ಅವರು ಯಾರಿಗೂ ರಿಯಾಯಿತಿ ತೋರುತ್ತಿರಲಿಲ್ಲ. ಇಂದು ಜಗತ್ತು ನೋಡುವ ವೇಗದ ಆಟಕ್ಕೆ ಅಡಿಪಾಯ ಹಾಕಿದವರಲ್ಲಿ ಅವರು ಪ್ರಮುಖರು.

ಆದರೆ ಇದನ್ನು ಅಳೆದು ನೋಡುವ ಅವಕಾಶವೇ ಇರಲಿಲ್ಲ. ರಾಷ್ಟ್ರೀಯ ಪಂದ್ಯಾವಳಿಗಳಿಗೆ ಕಪ್ಪು ವರ್ಣೀಯರ ಕಾಲೇಜುಗಳಿಗೆ ಆಹ್ವಾನವಿರಲಿಲ್ಲ. ಅದೇ ಪಟ್ಟಣದಲ್ಲಿದ್ದ ಡ್ಯೂಕ್ ವಿಶ್ವವಿದ್ಯಾಲಯ ಬಿಳಿಯರದು. 1944ರ ಮಾರ್ಚ್ 12ರ ಭಾನುವಾರ ಬೆಳಿಗ್ಗೆ, ಊರಿನ ಜನ ಚರ್ಚುಗಳಲ್ಲಿದ್ದ ಹೊತ್ತಿನಲ್ಲಿ, ಡ್ಯೂಕ್ ವೈದ್ಯಕೀಯ ಕಾಲೇಜಿನ ತಂಡ ಗುಟ್ಟಾಗಿ ಮೆಕ್‌ಲೆಂಡನ್ ಅವರ ಕಾಲೇಜಿಗೆ ಬಂದಿತು. ಬಾಗಿಲಿಗೆ ಬೀಗ ಹಾಕಿ ಪಂದ್ಯ ನಡೆಯಿತು. ಮೆಕ್‌ಲೆಂಡನ್ ತಂಡ 88–44ರಿಂದ ಗೆದ್ದಿತು. ಬಳಿಕ ಎರಡೂ ತಂಡಗಳ ಆಟಗಾರರು ಬೆರೆತು ಇನ್ನೊಂದು ಆಟವಾಡಿದರು. ಪ್ರತ್ಯೇಕತೆಯ ಕಟ್ಟಳೆಗಳ ಆ ದಿನಗಳಲ್ಲಿ ಸುದ್ದಿ ಹೊರಬಿದ್ದಿದ್ದರೆ ಎಲ್ಲರಿಗೂ ಅಪಾಯವಿತ್ತು. ದೇಶಕ್ಕೆ ಈ ಪಂದ್ಯದ ಸಂಗತಿ ತಿಳಿದದ್ದು 1996ರಲ್ಲಿ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನಾನು ‘ಅವಕಾಶ ವೆಚ್ಚ’ ಎಂಬ ಪರಿಕಲ್ಪನೆಯನ್ನು ಪಠ್ಯಪುಸ್ತಕದಲ್ಲಿ ಓದಿದ್ದೆ. ಬೀಗ ಹಾಕಿದ ಆ ಕ್ರೀಡಾಂಗಣ ಅದಕ್ಕೆ ಸರಿಯಾದ ಉದಾಹರಣೆ. ಒಬ್ಬರನ್ನು ಹೊರಗಿಟ್ಟಾಗ ನಷ್ಟ ಅವರಿಗೆ ಮಾತ್ರ ಎಂದು ಭಾವಿಸುತ್ತೇವೆ. ಅದೇ ಊರಿನಲ್ಲಿದ್ದ ಉತ್ತಮ ಗುರುವಿನಿಂದ ಡ್ಯೂಕ್‌ನ ಹುಡುಗರೂ ಕಲಿಯಲಾಗಲಿಲ್ಲ. ಆ ನಷ್ಟ ಯಾವ ಆಯವ್ಯಯದಲ್ಲಿಯೂ ನಮೂದಾಗಲಿಲ್ಲ.

ಗೋಡೆ ನಿಧಾನವಾಗಿ ಶಿಥಿಲವಾಯಿತು. ಟೆನೆಸ್ಸೀ ರಾಜ್ಯದ ಕಪ್ಪು ವರ್ಣೀಯರ ಕಾಲೇಜಿನ ತಂಡ ಅವರ ತರಬೇತಿಯಲ್ಲಿ 1957, 1958 ಮತ್ತು 1959ರಲ್ಲಿ, ಬಿಳಿಯರ ಕಾಲೇಜುಗಳೂ ಆಡುತ್ತಿದ್ದ ಎನ್‌ಎಐಎ ಪ್ರಶಸ್ತಿಯನ್ನು ಸತತವಾಗಿ ಗೆದ್ದಿತು. ಸತತ ಮೂರು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದ ಮೊದಲ ಕಾಲೇಜು ತರಬೇತುದಾರ ಅವರು. 1966ರಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್ ಅವರನ್ನು ನೇಮಿಸಿಕೊಂಡಿತು. ಬಹುತೇಕ ಬಿಳಿಯ ವಿದ್ಯಾರ್ಥಿಗಳಿದ್ದ ವಿಶ್ವವಿದ್ಯಾಲಯವೊಂದರಲ್ಲಿ ಕಪ್ಪು ವರ್ಣೀಯರೊಬ್ಬರು ಮುಖ್ಯ ತರಬೇತುದಾರರಾದದ್ದು ಅದೇ ಮೊದಲು. ಆದರೂ 1968ರ ಒಲಿಂಪಿಕ್ಸ್‌ಗೆ ಹೋದ ಅಮೆರಿಕದ ತರಬೇತುದಾರರ ಬಳಗದಲ್ಲಿ ಅವರಿಗೆ ದೊರೆತದ್ದು ಮತ್ತೆ ಸಹಾಯಕರ ಸಾಲಿನ ಸ್ಥಾನ. ಅಲ್ಲಿಗೂ ತಲುಪಿದ ಮೊದಲ ಕಪ್ಪು ವರ್ಣೀಯ ಅವರೇ.

ತಮ್ಮ ಗುರುವಿನ ಹೆಸರಿನಲ್ಲಿರುವ ನೈಸ್ಮಿತ್ ಕೀರ್ತಿಭವನಕ್ಕೆ ಅವರು 1979ರಲ್ಲಿ ಸೇರ್ಪಡೆಯಾದರು. ಆದರೆ ತರಬೇತುದಾರರ ವಿಭಾಗದಲ್ಲಲ್ಲ, ಆಟಕ್ಕೆ ಕೊಡುಗೆ ನೀಡಿದವರ ವಿಭಾಗದಲ್ಲಿ. ನಮೂನೆಗಳನ್ನೂ ಅವುಗಳ ಅಂಕಣಗಳನ್ನೂ ರೂಪಿಸುವುದರಲ್ಲೇ ಆಯುಷ್ಯ ಕಳೆದ ನನಗೆ, ಸರಿಯಾದ ಅಂಕಣವನ್ನು ನಿರಾಕರಿಸುವುದೂ ಒಂದು ಆಡಳಿತಾತ್ಮಕ ಕಲೆಯೆಂಬುದು ತಿಳಿದಿದೆ. 1999ರಲ್ಲಿ ಮೆಕ್‌ಲೆಂಡನ್ ತೀರಿಕೊಂಡರು. ತರಬೇತುದಾರರೆಂದೇ ಅವರ ಹೆಸರನ್ನು ಅಲ್ಲಿ ದಾಖಲಿಸಿದ್ದು 2016ರಲ್ಲಿ. ಜೀವಮಾನವಿಡೀ ಅವರು ಮಾಡಿದ್ದ ಕೆಲಸದ ಹೆಸರು ಕಡತಕ್ಕೆ ಏರಲು ಸಾವಿನ ನಂತರವೂ ಹದಿನೇಳು ವರ್ಷ ಬೇಕಾಯಿತು.