ಜಾಕ್ ಲಂಡನ್

ಜಾಕ್ ಲಂಡನ್ (ಜನವರಿ 12, 1876 – ನವೆಂಬರ್ 22, 1916) ಅಮೆರಿಕದ ಕಾದಂಬರಿಕಾರ, ಸಣ್ಣಕಥೆಗಾರ ಹಾಗೂ ಪತ್ರಕರ್ತರು. ದಿ ಕಾಲ್ ಆಫ್ ದಿ ವೈಲ್ಡ್, ವೈಟ್ ಫ್ಯಾಂಗ್ ಮತ್ತು ದಿ ಸೀ-ವುಲ್ಫ್ ಕಾದಂಬರಿಗಳಿಂದ ಜಗತ್ಪ್ರಸಿದ್ಧರಾದರು. ಪತ್ನಿ ಹಾಗೂ ಕೆಲವು ಸಂಗಡಿಗರೊಡನೆ ಸ್ನಾರ್ಕ್ ಎಂಬ ಸ್ವಂತ ಹಾಯಿದೋಣಿಯಲ್ಲಿ 1907–08ರಲ್ಲಿ ಕೈಗೊಂಡ ಪೆಸಿಫಿಕ್ ದ್ವೀಪಗಳ ಯಾನ ಅವರ ಜೀವನದ ಮುಖ್ಯ ಘಟ್ಟಗಳಲ್ಲಿ ಒಂದಾಗಿದೆ.

ಜನನ ಮತ್ತು ಬಾಲ್ಯ

ಲಂಡನ್ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜನಿಸಿದರು. ತಾಯಿ ಫ್ಲೋರಾ ವೆಲ್‌ಮನ್. ಮಗು ಹುಟ್ಟಿದ ವರ್ಷವೇ ಆಕೆ ಜಾನ್ ಲಂಡನ್ ಎಂಬುವರನ್ನು ವಿವಾಹವಾದರು. ಮಲತಂದೆಯ ಹೆಸರೇ ಮಗನಿಗೆ ಉಳಿಯಿತು. ಹಿಂದೆ ಗುಲಾಮಗಿರಿಯಲ್ಲಿದ್ದ ಆಫ್ರಿಕನ್-ಅಮೆರಿಕನ್ ಮಹಿಳೆ ವರ್ಜೀನಿಯಾ ಪ್ರೆಂಟಿಸ್ ಮಗುವಿಗೆ ಸಾಕುತಾಯಿಯಂತಿದ್ದರು. ಬಡತನದ ಕಾರಣ ಚಿಕ್ಕ ವಯಸ್ಸಿನಲ್ಲಿಯೇ ಡಬ್ಬಿ ಆಹಾರದ ಕಾರ್ಖಾನೆಯಲ್ಲಿ ದುಡಿಯಬೇಕಾಯಿತು. ಸುಮಾರು 15ನೆಯ ವಯಸ್ಸಿನಲ್ಲಿ ಪ್ರೆಂಟಿಸ್ ಅವರಿಂದ ಸಾಲ ಪಡೆದು ರ್‍ಯಾಜಲ್ ಡ್ಯಾಜಲ್ ಎಂಬ ಸಣ್ಣ ಹಾಯಿದೋಣಿಯನ್ನು ಕೊಂಡರು. ಅದರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸಿಂಪಿ ಪಾತಿಗಳಿಂದ ಕದ್ದು ಮಾರುತ್ತಿದ್ದ ಅವರು ಬಳಿಕ ಅಂಥ ಕಳವನ್ನು ತಡೆಯುವ ಮೀನುಗಾರಿಕಾ ಗಸ್ತುಪಡೆಯನ್ನೇ ಸೇರಿದರು. 1893ರಲ್ಲಿ ಸೀಲ್ ಬೇಟೆಯ ಹಡಗಿನಲ್ಲಿ ನಾವಿಕರಾಗಿ ಜಪಾನ್ ಕರಾವಳಿಯವರೆಗೆ ಹೋಗಿಬಂದರು. ಆ ಯಾನದಲ್ಲಿ ಕಂಡ ಚಂಡಮಾರುತದ ಬಗ್ಗೆ ಬರೆದ ಲೇಖನಕ್ಕೆ ಪತ್ರಿಕೆಯೊಂದರ ಪ್ರಥಮ ಬಹುಮಾನ ದೊರೆಯಿತು.

ಸಾಹಿತ್ಯ ಜೀವನದ ಆರಂಭ

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು, 1897ರಲ್ಲಿ ಚಿನ್ನ ಹುಡುಕುವವರೊಡನೆ ಕ್ಲಾಂಡೈಕ್ ಪ್ರದೇಶಕ್ಕೆ ತೆರಳಿದರು. ಚಿನ್ನದ ಬದಲು ಸ್ಕರ್ವಿ ರೋಗದೊಂದಿಗೆ ಮರಳಿದರೂ ಅಲ್ಲಿನ ಅನುಭವವೇ ಅವರ ಕಥೆಗಳಿಗೆ ವಸ್ತುವಾಯಿತು. 1903ರಲ್ಲಿ ಪ್ರಕಟವಾದ ದಿ ಕಾಲ್ ಆಫ್ ದಿ ವೈಲ್ಡ್ ಅಪಾರ ಕೀರ್ತಿ ತಂದಿತು. ಮೊದಲ ಪತ್ನಿಯಿಂದ ವಿಚ್ಛೇದನ ಪಡೆದು 1905ರಲ್ಲಿ ಚಾರ್ಮಿಯನ್ ಕಿಟ್ರೆಜ್ ಅವರನ್ನು ವರಿಸಿ, ಗ್ಲೆನ್ ಎಲೆನ್‌ನಲ್ಲಿ ಜಮೀನು ಕೊಂಡು ನೆಲೆಸಿದರು.

ಸ್ನಾರ್ಕ್ ನಿರ್ಮಾಣ

ಏಕಾಂಗಿಯಾಗಿ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದ ಜೋಶುವಾ ಸ್ಲೋಕಮ್ ಅವರ ಗ್ರಂಥ ಲಂಡನ್ ದಂಪತಿಗಳಿಗೆ ಪ್ರೇರಣೆಯಾಯಿತು. ಏಳು ವರ್ಷಗಳ ಕಾಲ ಜಗತ್ತನ್ನು ಸುತ್ತುವ ಯೋಜನೆ ಸಿದ್ಧವಾಯಿತು. ಎರಡು ಕೂವೆಕಂಬಗಳ ಈ ದೋಣಿಗೆ ಲೂಯಿಸ್ ಕ್ಯಾರಲ್ ಅವರ ಕವಿತೆಯೊಂದರ ಕಲ್ಪಿತ ಪ್ರಾಣಿಯ ಹೆಸರನ್ನಿಟ್ಟರು. ಸುಮಾರು 7,000 ಡಾಲರ್ ಎಂದು ಅಂದಾಜಿಸಿದ್ದ ವೆಚ್ಚ 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ನಂತರದ ಸಾಮಗ್ರಿಗಳ ಅಭಾವ ಹಾಗೂ ವಿಳಂಬಗಳಿಂದ 30,000 ಡಾಲರಿಗೆ ಏರಿತು. ಇಷ್ಟಾದರೂ ದೋಣಿಯ ತಳದಲ್ಲಿ ನೀರು ಜಿನುಗುತ್ತಿತ್ತು, ಎಂಜಿನ್ ಕೆಟ್ಟಿತ್ತು.

ದ್ವೀಪಗಳ ಯಾನ

1907ರ ಏಪ್ರಿಲ್ 23ರಂದು ಸ್ನಾರ್ಕ್ ಹೊರಟಿತು. ಚಾರ್ಮಿಯನ್, ಆಕೆಯ ಬಂಧು ರಾಸ್ಕೋ ಈಮ್ಸ್ ಮತ್ತು ಕ್ಯಾನ್ಸಸ್‌ನ ಯುವಕ ಮಾರ್ಟಿನ್ ಜಾನ್ಸನ್ ತಂಡದಲ್ಲಿದ್ದರು. ಅರ್ಜಿ ಸಲ್ಲಿಸಿದ್ದ ಅನೇಕರಲ್ಲಿ ಆಯ್ಕೆಯಾದ ಜಾನ್ಸನ್, ಅಡುಗೆಯ ಅನುಭವವಿಲ್ಲದಿದ್ದರೂ ಬಾಣಸಿಗರಾಗಿ ಸೇರಿದ್ದರು. ದಿಕ್ಕು ನಿರ್ಣಯದ ಹೊಣೆ ಹೊತ್ತಿದ್ದ ಈಮ್ಸ್ ಅದರಲ್ಲಿ ಸಮರ್ಥರಾಗದ ಕಾರಣ, ಲಂಡನ್ ಪುಸ್ತಕಗಳ ನೆರವಿನಿಂದ ಸಮುದ್ರದಲ್ಲಿಯೇ ಆ ವಿದ್ಯೆಯನ್ನು ಕಲಿತರು. ಪ್ರಯಾಣದಲ್ಲಿಯೂ ದಿನಕ್ಕೆ 1,000 ಪದ ಬರೆಯುವ ನಿಯಮವನ್ನು ಪಾಲಿಸುತ್ತಿದ್ದರು. ಖರ್ಚು ಸಾಗುತ್ತಿದ್ದುದು ಆ ಬರವಣಿಗೆಯಿಂದಲೇ.

ಹವಾಯಿಯಲ್ಲಿ ದೋಣಿಯ ದುರಸ್ತಿ ನಡೆದಾಗ ಲಂಡನ್ ವೈಕಿಕಿ ಕಡಲತೀರದಲ್ಲಿ ಅಲೆಸವಾರಿ ಕಲಿತರು. ಅದರ ಬಗ್ಗೆ ಬರೆದ ಲೇಖನ ಅಮೆರಿಕದ ಮುಖ್ಯಭೂಮಿಯಲ್ಲಿ ಆ ಕ್ರೀಡೆಯ ಪ್ರಚಾರಕ್ಕೆ ನೆರವಾಯಿತು. ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ವಸತಿಯಲ್ಲಿಯೂ ದಂಪತಿಗಳು ಕೆಲವು ದಿನ ತಂಗಿದ್ದರು. ತಂಡದಲ್ಲಿ ಬದಲಾವಣೆಗಳಾಗಿ, ಯೊಶಿಮಾತ್ಸು ನಕಾತಾ ಮುಂತಾದವರು ಸೇರಿಕೊಂಡರು.

ಅಕ್ಟೋಬರ್‌ನಲ್ಲಿ ಹಿಲೊ ಬಂದರಿನಿಂದ ಹೊರಟು ಮಾರ್ಕ್ವೆಸಸ್ ದ್ವೀಪಗಳನ್ನು ತಲಪಲು 60 ದಿನಗಳು ಬೇಕಾದವು. ನಡುಗಡಲಿನಲ್ಲಿ ಕುಡಿಯುವ ನೀರಿನ ಅರ್ಧಭಾಗ ಸೋರಿಹೋದಾಗ ಎಲ್ಲರಿಗೂ ನೀರನ್ನು ಅಳೆದು ಕೊಡಬೇಕಾಯಿತು. ಮಳೆ ಸುರಿದು ತೊಟ್ಟಿ ತುಂಬಿದ ಮೇಲೆ ಆತಂಕ ಕಳೆಯಿತು. ಹರ್ಮನ್ ಮೆಲ್ವಿಲ್ ವರ್ಣಿಸಿದ್ದ ನುಕು ಹಿವಾ ದ್ವೀಪದ ಟೈಪೀ ಕಣಿವೆಯನ್ನು ಲಂಡನ್ ಬಾಲ್ಯದಿಂದ ಕಾಣಬಯಸಿದ್ದರು. ಆದರೆ ಹೊರಗಿನಿಂದ ಬಂದ ರೋಗಗಳಿಗೆ ತುತ್ತಾಗಿ ಅಲ್ಲಿನ ಜನರಲ್ಲಿ ಬಹುಪಾಲು ಅಳಿದುಹೋಗಿದ್ದರು. ಮುಂದೆ ಟಹೀಟಿ, ರಾಯಾಟಿಯಾ, ಬೋರಾ ಬೋರಾ, ಸಮೋವಾ, ಫಿಜಿಗಳ ಮೂಲಕ ಸಾಗಿದ ದೋಣಿ 1908ರಲ್ಲಿ ಸಾಲೊಮನ್ ದ್ವೀಪಗಳನ್ನು ಸೇರಿತು. ತೋಟಗಳಿಗೆ ಕೂಲಿಯಾಳುಗಳನ್ನು ಕರೆದೊಯ್ಯುವ ಮಿನೋಟಾ ಎಂಬ ಹಡಗಿನಲ್ಲಿ ದಂಪತಿಗಳು ಮಲೈಟಾ ದ್ವೀಪಕ್ಕೆ ಹೋದಾಗ, ಅದು ಹವಳದ ದಿಬ್ಬಕ್ಕೆ ಸಿಲುಕಿ ಎಲ್ಲರೂ ಅಪಾಯಕ್ಕೊಳಗಾಗಿದ್ದರು.

ಅನಾರೋಗ್ಯ ಮತ್ತು ಯಾನದ ಅಂತ್ಯ

ಮಲೇರಿಯಾ ಜ್ವರ ಮತ್ತು ಮಾಯದ ಹುಣ್ಣುಗಳು ಇಡೀ ತಂಡವನ್ನು ಕಾಡಿದವು. ಲಂಡನ್ ಅವರ ಕೈಗಳು ಊದಿ, ಚರ್ಮ ಪದರಪದರವಾಗಿ ಸುಲಿಯತೊಡಗಿತು. ಸಿಡ್ನಿಯ ಆಸ್ಪತ್ರೆಯಲ್ಲಿ ಫಿಸ್ಟುಲಾ ಶಸ್ತ್ರಚಿಕಿತ್ಸೆಯಾಗಿ ಐದು ವಾರ ಕಳೆದರೂ ಕೈಗಳ ವ್ಯಾಧಿ ವೈದ್ಯರಿಗೆ ತಿಳಿಯಲಿಲ್ಲ. ಹೀಗಾಗಿ ಏಳು ವರ್ಷಗಳ ಯಾನ ಎರಡು ವರ್ಷ ತುಂಬುವ ಮೊದಲೇ ನಿಂತಿತು. ದೋಣಿಯನ್ನು ಸಿಡ್ನಿಯಲ್ಲಿ ಮಾರಲಾಯಿತು. 1909ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮರಳಿದ ಬಳಿಕ ಅವರು ಚೇತರಿಸಿಕೊಂಡರು. ಉಷ್ಣವಲಯದ ಬಿಸಿಲಿನ ಅತಿನೇರಳೆ ಕಿರಣಗಳೇ ತಮ್ಮ ಕಾಯಿಲೆಗೆ ಕಾರಣವೆಂದು ಅವರು ನಂಬಿದ್ದರು.

ಯಾನದ ಸಾಹಿತ್ಯ

ಮಾರ್ಟಿನ್ ಈಡನ್ (1909) ಕಾದಂಬರಿಯನ್ನು ಬರೆದದ್ದು ಈ ಯಾನದ ಅವಧಿಯಲ್ಲಿ. ದಿ ಕ್ರೂಸ್ ಆಫ್ ದಿ ಸ್ನಾರ್ಕ್ (1911) ಪ್ರವಾಸಕಥನವಾದರೆ, ಸೌತ್ ಸೀ ಟೇಲ್ಸ್ (1911) ಕಥಾಸಂಕಲನ. ಮಾರ್ಟಿನ್ ಜಾನ್ಸನ್ 1913ರಲ್ಲಿ, ಚಾರ್ಮಿಯನ್ 1915ರಲ್ಲಿ ತಮ್ಮ ಅನುಭವಗಳನ್ನು ಪ್ರಕಟಿಸಿದರು. ಜಾನ್ಸನ್ ಮುಂದೆ ಪತ್ನಿ ಓಸಾ ಅವರೊಡನೆ ವನ್ಯಜೀವಿ ಚಲನಚಿತ್ರಗಳಿಂದ ಹೆಸರಾದರು. ದ್ವೀಪವಾಸಿಗಳನ್ನು ಚಿತ್ರಿಸುವಲ್ಲಿ ಲಂಡನ್ ಅವರ ಬರಹಗಳಲ್ಲಿ ಕಾಣುವ ಜನಾಂಗೀಯ ಪೂರ್ವಗ್ರಹಗಳು ಟೀಕೆಗೆ ಗುರಿಯಾಗಿವೆ. ಆದರೂ ಬಿಳಿಯರ ದುರಾಸೆಯನ್ನು ಖಂಡಿಸುವ ಕಥೆಗಳೂ ಅವುಗಳಲ್ಲಿವೆ.

ಕೊನೆಯ ದಿನಗಳು

ರೋಮರ್ ಎಂಬ ಮತ್ತೊಂದು ಹಾಯಿದೋಣಿಯಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಹಾಗೂ ಸಮೀಪದ ನದೀಮುಖಜ ಭೂಮಿಯಲ್ಲಿ ಸಂಚರಿಸುತ್ತಿದ್ದರು. 1913ರಲ್ಲಿ, ಪೂರ್ಣಗೊಳ್ಳುವ ಹಂತದಲ್ಲಿದ್ದ ಅವರ ವುಲ್ಫ್ ಹೌಸ್ ಎಂಬ ಭವನ ಬೆಂಕಿಗೆ ಆಹುತಿಯಾಯಿತು. ಮೂತ್ರಪಿಂಡಗಳ ಕಾಯಿಲೆಯಿಂದ ಬಳಲುತ್ತಿದ್ದ ಲಂಡನ್ 1916ರ ನವೆಂಬರ್ 22ರಂದು, 40ನೆಯ ವಯಸ್ಸಿನಲ್ಲಿ ಗ್ಲೆನ್ ಎಲೆನ್‌ನಲ್ಲಿ ನಿಧನರಾದರು. ಅವರ ಜಮೀನು ಈಗ ಜಾಕ್ ಲಂಡನ್ ರಾಜ್ಯ ಐತಿಹಾಸಿಕ ಉದ್ಯಾನವಾಗಿದೆ. ಅವರ ಚಿತಾಭಸ್ಮವನ್ನು ಅಲ್ಲಿಯೇ ಬಂಡೆಯೊಂದರ ಕೆಳಗೆ ಇರಿಸಲಾಗಿದೆ.